ಮೇಣದ ದವಡೆ ಹಲ್ಲು

ಮಧ್ಯಾಹ್ನ ಮೂರೂವರೆ ಗಂಟೆಗೆ ಮಹಾರಾಜನ ಹಲ್ಲು ಕರಗಿಹೋಗಿತ್ತು.

ಬಾಯಲ್ಲಿದ್ದ ಹಲ್ಲಲ್ಲ, ಮೇಣದ್ದು. ದಂತವೈದ್ಯ ಕಾಲೇಜಿನ ಮೊದಲ ವರ್ಷದವರು ಮೇಣದ ತುಂಡಿನಲ್ಲಿ ದವಡೆ ಹಲ್ಲು ಕೆತ್ತಿ, ಮೇಷ್ಟ್ರಿಗೆ ತೋರಿಸಿ ಅಂಕ ಪಡೆಯಬೇಕು. ಚಹಾ ಕುಡಿದು ಬಂದ ತರಗತಿಯೆಲ್ಲ, ತಾನೇ ಮಹಾರಾಜ ಎಂದು ಅಡ್ಡಹೆಸರಿಟ್ಟ ಹುಡುಗನ ಮೇಜನ್ನು ಮುತ್ತಿಕೊಂಡಿತ್ತು. ಮೇಜಿನ ದೀಪ ಇನ್ನೂ ಉರಿಯುತ್ತಿತ್ತು. ಅದರ ಕೆಳಗೆ ಮೊನೆಗಳೆಲ್ಲ ಕುಸಿದು, ಹಲ್ಲು ಹೋಗಿ ಯಾರೋ ಅಗಿದು ಉಗುಳಿದ ಮುದ್ದೆಯಾಗಿತ್ತು.

"ಮಹಾರಾಜರ ಕಿರೀಟ ಜಾರಿತಲ್ರೋ," ಹಿಂದಿನಿಂದ ಯಾರೋ ಅಂದರು.

ನಗು ಎದ್ದಿತು. ಪಕ್ಕದ ಮೇಜಿನ ಹುಡುಗಿ ನಗಲಿಲ್ಲ. ಅವನ ಕಿವಿ ನೋಡುತ್ತಿದ್ದಳು. ವರ್ಷದ ಶುರುವಿನಿಂದ ಅವಳಿಗೆ ಅದೊಂದು ಕುತೂಹಲ. ಅವನಷ್ಟು ಚೆನ್ನಾಗಿ ಕೆತ್ತುವವರು ತರಗತಿಯಲ್ಲೇ ಇಲ್ಲ. ಆದರೂ ಯಾರಾದರೂ ಹೊಗಳದೆ ಹಾದುಹೋದರೆ ಸಾಕು, ಅವನ ಕಿವಿ ಕೆಂಪಾಗುತ್ತಿತ್ತು. ಇಷ್ಟು ಕೈ ಪಳಗಿದವನಿಗೆ ಅಷ್ಟೊಂದು ಜನರ ಕಣ್ಣು ಯಾಕೆ ಬೇಕು? ಅವಳೋ, ಮೇಷ್ಟ್ರು ಕೇಳುವ ತನಕ ತನ್ನ ಹಲ್ಲನ್ನು ಕರವಸ್ತ್ರದಡಿ ಬಚ್ಚಿಡುವವಳು.

ದೀಪ ಹಾಕಿದವನು ಅವನೇ. ಚಹಾಕ್ಕೆ ಏಳುವಾಗ, ಒಳಗೆ ಬಂದವರಿಗೆ ಮೊದಲು ಅದೇ ಕಾಣಲಿ ಎಂದು ದೀಪದ ಕತ್ತು ಬಗ್ಗಿಸಿ, ಬೆಳಕನ್ನು ಹಲ್ಲಿನ ಮೇಲೇ ಬಿಟ್ಟು ಹೋಗಿದ್ದ. ಅವಳು ಕಂಡಿದ್ದಳು.

ಮೇಷ್ಟ್ರು ಬಂದರು. "ಬಿಸಿಯಾಗೋ ಬಲ್ಬು, ಆರಿಸಿ ಹೋಗಿ ಅಂತ ಬಡ್ಕೊಂಡಿದ್ದೀನಿ. ಹಾಕಿಟ್ಟವರಿಗೆ ಈ ಸಲ ಅಂಕ ಇಲ್ಲ. ಯಾರದು ಈ ಘನಂದಾರಿ ಕೆಲಸ?"

"ಇವಳೇ ಸರ್," ಅಂದ ಮಹಾರಾಜ. "ಕೊನೆಗೆ ಹೊರಗೆ ಬಂದಿದ್ದು ಇವಳೇ."

"ಹೌದೇನಮ್ಮಾ?"

ತನ್ನ ಕಾಲು ತುಳಿದವರ ಹತ್ತಿರವೇ ಕ್ಷಮೆ ಕೇಳುವ ಹುಡುಗಿ ಅವಳು. ಎಲ್ಲರೂ ತಿರುಗಿ ನೋಡಿದ್ದೇ ತಡ, "ತಪ್ಪಾಯ್ತು ಸರ್" ಎಂಬುದು ಬಾಯಿಂದ ಬಿದ್ದೇಹೋಯಿತು. ಮೇಷ್ಟ್ರು ಅವನಿಗೆ ಹೊಸ ಮೇಣ ಕೊಟ್ಟರು. ಅವಳ ಹಲ್ಲನ್ನು ಕೈಯಲ್ಲೂ ಹಿಡಿಯದೆ ಮುಂದಿನ ಮೇಜಿಗೆ ಹೋದರು.

ಅವನಿಗೆ ನಿರಾಳವಾಗಬೇಕಿತ್ತು. ಕಿವಿ ಇನ್ನಷ್ಟು ಕೆಂಪಾಯಿತು.

ಸಂಜೆ ಮೆಟ್ಟಿಲ ಬಳಿ ಅವಳಿಗೆ ಅಡ್ಡ ನಿಂತ. "ಏನೇ ನೀನು, ಯಾಕೆ ಒಪ್ಕೊಂಡೆ?"

"ನೀನೇ ತಾನೆ ನನ್ನ ಹೆಸರು ಹೇಳಿದ್ದು?"

"ನಾನು ಹೇಳಿದ್ರೆ? ಇಲ್ಲ ಅನ್ಬೇಕಿತ್ತು, ಜಗಳಕ್ಕೆ ಬೀಳ್ಬೇಕಿತ್ತು! ಈಗ ಎಲ್ಲಾ ಗೊತ್ತಿಟ್ಕೊಂಡು ದಿನಾ ನನ್ನ ಮುಖ ನೋಡ್ತೀಯ."

"ನಾನು ಯಾರಿಗೂ ಹೇಳಲ್ಲ, ಬಿಡು."

"ಅದೇ ಕಣೇ ಕಷ್ಟ, ಪುಣ್ಯಾತ್ಗಿತ್ತಿ."

ಅವಳಿಗೆ ಸಿಟ್ಟಿಗಿಂತ ಕುತೂಹಲವೇ ಜಾಸ್ತಿಯಾಯಿತು. "ಒಂದು ಕೇಳ್ಲಾ? ನಾನೇ ಮರೆತೆ ಸರ್ ಅಂದಿದ್ರೆ ಏನಾಗ್ತಿತ್ತು?"

"ನಗ್ತಿದ್ರು."

"ಹೇಗೂ ನಕ್ರಲ್ಲ."

"ಆಗ ಹಲ್ಲು ನೋಡಿ ನಕ್ರು. ಆಮೇಲೆ ನನ್ನ ನೋಡಿ ನಗ್ತಿದ್ರು." ಅವನು ಮೆಟ್ಟಿಲನ್ನೇ ನೋಡುತ್ತಿದ್ದ.

"ನನಗೆ ದಿನಾ ಹಾಗೇ ಅನ್ಸುತ್ತೆ," ಅಂದಳು. "ಯಾರೂ ನಗದೇ ಇದ್ರೂ."

ಅವನು ತಲೆ ಎತ್ತಿದ. ತನ್ನ ಬಾಯಿಂದಲೇ ಬಂದ ಮಾತು ಅವಳಿಗೂ ಹೊಸದಾಗಿತ್ತು. ಅವಳು ಹಿಂದಿರುಗಿ ನೇರ ಮೇಷ್ಟ್ರ ಕೋಣೆಗೆ ನಡೆದಳು.

"ಸರ್, ದೀಪ ಹಾಕಿದ್ದು ನಾನಲ್ಲ."

"ಮತ್ತೆ ಯಾರು?"

"ಅದನ್ನ ನಾನು ಹೇಳಲ್ಲ ಸರ್. ನಾನಲ್ಲ, ಅಷ್ಟೇ." ಹೇಳಿ ಅಲ್ಲೇ ನಿಂತಿದ್ದಳು.

ಮೇಷ್ಟ್ರ ನೋಟ ಬಾಗಿಲ ಕಡೆಗೆ ಹೊರಳಿತು. ಅವಳು ತಿರುಗಲಿಲ್ಲ. ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು.

"ನಾನು ಸರ್."

ಅವಳಿಗೆ ಅಂಕ ಬಂತು, ಅವನಿಗೆ ಬರಲಿಲ್ಲ. ಸುದ್ದಿ ಹಬ್ಬಿ ತರಗತಿ ಎರಡು ದಿನ ಅವನನ್ನು ಗೋಳು ಹೊಯ್ದುಕೊಂಡಿತು. ಅವನು ಯಾರೊಂದಿಗೂ ಮಾತಾಡಲಿಲ್ಲ, ಅವಳೊಂದಿಗೂ.

ಮುಂದಿನ ವಾರ, ಉಳಿದವರು ಕೈ ತೊಳೆಯಲು ಹೋದಾಗ, ಹೊಸ ಹಲ್ಲನ್ನು ಅವಳ ಮೇಜಿಗೆ ಸರಿಸಿದ. "ಹೇಗಿದೆ?"

ಅವಳು ಎತ್ತಿ ತಿರುಗಿಸಿ ನೋಡಿದಳು. "ಒಳಗಡೆ ಮೊನೆ ಸ್ವಲ್ಪ ಎತ್ತರ ಆಯ್ತು."

ಅವನು ಹಲ್ಲನ್ನು ವಾಪಸು ತೆಗೆದುಕೊಂಡ. ಆಮೇಲೆ ಚಾಕು ಎತ್ತಿಕೊಂಡು ಆ ಮೊನೆಯನ್ನು ಕೆರೆಯತೊಡಗಿದ.