ಅಣ್ಣ ಬರೆದ ಮೆನು

ಟಚಪ್ ಅಕ್ಕನಿಗೆ ಕಂಪ್ಯೂಟರ್ ಗೊತ್ತು ಅಂದರೆ ಮೌಸಿನ ಬಲಗುಂಡಿ ಗೊತ್ತು, ಅಷ್ಟೇ. ಫೋಟೊ ಸ್ಟುಡಿಯೋದ ಒಳಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತು ಊರ ಜನರ ಮೊಡವೆ, ಮಚ್ಚೆ, ಸುಕ್ಕು ಅಳಿಸಿದವಳು. ಸ್ಟುಡಿಯೋ ಅವಳ ಅಣ್ಣನದು. ಅವನೋ ಮಹಾ ಮೂಗಬಸವ! ಬೆಳಿಗ್ಗೆ ಬಾಗಿಲು ತೆಗೆದರೆ ಸಂಜೆ ಬೀಗ ಹಾಕುವವರೆಗೂ ತುಟಿಪಿಟಕ್ ಎನ್ನುತ್ತಿರಲಿಲ್ಲ. ಆದರೆ ತಂಗಿ ಒದ್ದಾಡಬಾರದೆಂದು ಒಂದು ಉಪಾಯ ಮಾಡಿಟ್ಟಿದ್ದ. ಫೋಟೊದ ಮೇಲೆ ಬಲಗುಂಡಿ ಒತ್ತಿದರೆ ಪಟ್ಟಿಯೊಂದು ಬಿಚ್ಚಿಕೊಳ್ಳುತ್ತಿತ್ತು: ಹಳದಿ ತೆಗಿ, ಮುಖ ಬೆಳಗು, ಅಚ್ಚು ಹಾಕು. ಎಲ್ಲ ಅವನೇ ಬರೆದು ಸೇರಿಸಿದ್ದು. ಅವಳು ಒತ್ತುವಳು, ಅವನು ಪಕ್ಕದ ಕುರ್ಚಿಯಲ್ಲಿ ಲೆನ್ಸ್ ಒರೆಸುತ್ತ ಕೂತಿರುವನು. ಎಂಥ ನೆಮ್ಮದಿಯ ಮಧ್ಯಾಹ್ನಗಳು ಅವು!

ಅಣ್ಣ ಹೋಗಿ ಮೂರು ವರ್ಷವಾಗಿತ್ತು. ಅವತ್ತು ಮಧ್ಯಾಹ್ನ ಕಂಪ್ಯೂಟರ್ ಕೈಕೊಟ್ಟಿತು. ಪರದೆ ಕರ್ರಗೆ, ಫೋಟೊ ಇಲ್ಲ, ಮೌಸಿನ ಬಾಣ ಇಲ್ಲ, ಮೂಲೆಯಲ್ಲಿ ಮಿಣಮಿಣ ಅನ್ನುವ ಒಂದು ಗೀಟು. ಬಲಗುಂಡಿ ಒತ್ತೇ ಒತ್ತಿದಳು. ಉಹುಂ. ಬೆಂಚಿನ ಮೇಲೆ ಮುದುಕ ಬಸ್ ಡ್ರೈವರ್ ಕಾಯುತ್ತಿದ್ದ. ನಾಲ್ಕು ಗಂಟೆಗೆ ಮಗಳ ಊರಿಗೆ ಹೊರಟವನು, ಇನ್ನು ಇತ್ತ ಬರುವವನಲ್ಲ. ತೀರಿಹೋದ ಹೆಂಡತಿಯದು ಇದ್ದದ್ದೇ ಒಂದು ಫೋಟೊ, ಅದೂ ಸೋರುವ ಮಾಡಿನ ನೀರಿಗೆ ಸಿಕ್ಕಿ ಹಾಳಾಗಿತ್ತು. ಉಳಿದದ್ದು ಈ ಯಂತ್ರದೊಳಗಿನ ಪ್ರತಿ ಮಾತ್ರ. ನಿನ್ನೆಯಷ್ಟೇ ಹಳದಿ ತೆಗೆದಿಟ್ಟಿದ್ದಳು. ಅಚ್ಚು ಹಾಕುವುದೊಂದೇ ಬಾಕಿ.

ಪಕ್ಕದ ಜೆರಾಕ್ಸ್ ಅಂಗಡಿಯವಳನ್ನು ಕೂಗಿದಳು. ಅವಳು ಬಂದು ಟಕಟಕ ಏನೋ ಒತ್ತಿ, "ಮೆನು ಎಲ್ಲೂ ಹೋಗಿಲ್ಲ ಕಣಕ್ಕ. ಒಂದೊಂದರ ಹಿಂದೆಯೂ ಒಂದೊಂದು ಕಮಾಂಡ್ ಇದೆ. ಹೆಸರು ಟೈಪ್ ಮಾಡಿದ್ರೆ ಅದೇ ಕೆಲಸ ಮಾಡುತ್ತೆ" ಎಂದು ಪಟ್ಟಿ ತೋರಿಸಿದಳು. "ಗಿರಾಕಿ ಕಳಿಸಿ ಬರ್ತೀನಿ, ಅಲ್ಲಿವರೆಗೆ ಏನೂ ಮುಟ್ಟಬೇಡ."

ಮುಟ್ಟಬೇಡ ಅಂದರೆ ಕೇಳುವ ಪೈಕಿಯೇ ಇವಳು? ಪಟ್ಟಿಯಲ್ಲಿ ಮೊದಲನೆಯದೇ ಹಳದಿ ತೆಗೆಯುವುದು. ಫೋಟೊ ಆರಿಸದಿದ್ದರೆ ಏನು ತಾನೇ ಆದೀತು ಎಂದು ಬರೀ ಅದರ ಹೆಸರು ಟೈಪಿಸಿ ಎಂಟರ್ ಒತ್ತಿಬಿಟ್ಟಳು. ಮೆನುವಿನಲ್ಲಿ ಮೊದಲು ಫೋಟೊ, ಆಮೇಲೆ ಕೆಲಸ. ತಪ್ಪಲು ದಾರಿಯೇ ಇರಲಿಲ್ಲ. ಇಲ್ಲಿ ಇಂಥ ಫೋಟೊ ಎಂದು ಹೇಳದಿದ್ದರೆ ಎಲ್ಲ ಫೋಟೊಗಳೂ ಎಂದರ್ಥ. ಫೋಟೊಗಳ ಹೆಸರು ಸರಸರ ಹರಿದವು. ಡ್ರೈವರನ ಹೆಂಡತಿಯದೂ ಹೋಯಿತು. ಅಯ್ಯೋ ದೇವರೇ! ಎರಡನೇ ಸಲ ಹಳದಿ ತೆಗೆದರೆ ಮುಖ ಸುಣ್ಣದ ಗೋಡೆಯೇ; ಕಣ್ಣು, ಮೂಗು ಒಂದೂ ಉಳಿಯುವುದಿಲ್ಲ.

ಹರಿಯುವುದು ನಿಂತಿತು. ಕೊನೆಯಲ್ಲಿ ಎರಡು ಸಾಲು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಮನೆಮಾತು. ಕೂಡಿಸಿ ಕೂಡಿಸಿ ಓದಿದಳು: "ಪುಟ್ಟಿ, ಫೋಟೊ ಆರಿಸದೆ ಒತ್ತಿದ್ಯಲ್ಲ? ಹೆದರ್ಬೇಡ, ಹಳೇದೆಲ್ಲ ಎತ್ತಿಟ್ಟಿದೀನಿ. ವಾಪಸ್ ಅಂತ ಟೈಪ್ ಮಾಡು."

ವಾಪಸ್ ಎಂದು ಟೈಪಿಸಿದಳು. ಆಮೇಲೆ ಅಚ್ಚು ಹಾಕುವ ಕಮಾಂಡು, ಅದರ ಮುಂದೆ ಈ ಸಲ ಮರೆಯದೆ ಫೋಟೊದ ಹೆಸರು. ಪ್ರಿಂಟರ್ ಗೊರಗೊರ ಎಂದಿತು. ಬಸ್ಸಿನ ಬಾಗಿಲಲ್ಲಿ ಒಂದು ಕಾಲಿಟ್ಟು ನಗುತ್ತಿದ್ದ ಹೆಂಗಸು ನೆತ್ತಿಯಿಂದ ಪಾದದವರೆಗೆ ಇಡಿಯಾಗಿ ಹೊರಬಂದಳು. ಪರದೆಯ ಮೇಲೆ ಇನ್ನೊಂದು ಸಾಲು: "ಆಯ್ತು ಪುಟ್ಟಿ. ಬೆನ್ನು ನೆಟ್ಟಗೆ ಮಾಡಿ ಕೂತ್ಕೋ."

ಅಷ್ಟರಲ್ಲಿ ಜೆರಾಕ್ಸಿನವಳು ವಾಪಸು ಬಂದು ಆ ಸಾಲು ಓದಿದಳು. "ಇದು ಇವತ್ತು ಬರೆದಿದ್ದಲ್ಲ ಅಕ್ಕ, ಮೆನು ಮಾಡಿದಾಗಲೇ ನಿಮ್ಮಣ್ಣ ಬರೆದಿಟ್ಟಿದ್ದು. ನೀನು ಮೆನು ಒತ್ತಿದಾಗೆಲ್ಲ ಒಳಗೆ ಬರ್ತಾನೇ ಇತ್ತು. ಮೆನುವಿಂದ ಒತ್ತಿದ್ರೆ ಕಾಣಲ್ಲ, ಅಷ್ಟೇ."

ದಿನಕ್ಕೆ ನಲವತ್ತು, ಐವತ್ತು ಫೋಟೊ, ಒಂದೊಂದಕ್ಕೂ ಆ ಸಾಲು. ಜ್ವರ ಬಂದ ದಿನ, ಅವನ ಮೇಲೆ ಸಿಡುಕಿ ಮಾತು ಬಿಟ್ಟ ದಿನ, ಅವನು ಸತ್ತ ಮೇಲಿನ ಮೂರು ವರ್ಷದ ಒಂದೊಂದು ದಿನವೂ. ಟಚಪ್ ಅಕ್ಕ ಮೇಜಿನ ಮೇಲೆ ತಲೆಯಿಟ್ಟು ಗಳಗಳ ಅತ್ತಳು.

ಡ್ರೈವರ್ ಫೋಟೊವನ್ನು ಎರಡೂ ಕೈಯಲ್ಲಿ ಹಿಡಿದು ಹೊರಟವನು, ಅವಳ ಅಳು ಕೇಳಿ ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಗ್ಗಿದ.

"ಯಾರು ತಾಯಿ ಈ ಪುಟ್ಟಿ? ನಿಮ್ಮ ಮಗಳಾ?"

ಹಾಗೆ ಕರೆಯುವವರು ಭೂಮಿಯ ಮೇಲೆ ಒಬ್ಬರೂ ಉಳಿದಿರಲಿಲ್ಲ. ಐವತ್ತೆಂಟು ವರ್ಷದ ಟಚಪ್ ಅಕ್ಕ ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು.

"ಅಲ್ಲ, ನಾನೇ" ಎಂದಳು.