ಗುರುಬಾಯಿಯ ಬೀದಿ

ನಾನು ಒಂದು ಪುಟ್ಟ ಕ್ಯಾಮೆರಾ. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಬಿಳಿ ಟೊಪ್ಪಿಗೆ ಹಾಕಿಕೊಂಡ ಹುಡುಗಿಯರು ನನಗೆ ಗಾಜಿನ ಕಣ್ಣು ಕೂರಿಸಿದರು, ಬೆನ್ನ ಮೇಲೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಪರದೆ ಇಟ್ಟರು. ತಂದೆತಾಯಿ ಯಾರೆಂದು ಕೇಳಿದರೆ ಹೇಳಲಾರೆ. ನನ್ನ ಜೊತೆ ಒಂದೇ ದಿನ ಹುಟ್ಟಿದ ಅಣ್ಣತಮ್ಮಂದಿರು ಬೇಕಾದಷ್ಟಿದ್ದರು. ಆಮೇಲೆ ಒಬ್ಬನ ಮುಖವನ್ನೂ ನೋಡಲಿಲ್ಲ.

ಹಡಗು ಹತ್ತಿ, ಲಾರಿ ಇಳಿದು ವಿಜಯಪುರದ ಒಂದು ಅಂಗಡಿಯ ಗಾಜಿನ ಕಪಾಟು ಸೇರಿದೆ. ಮದುವೆ ಮನೆಗೆ ಹೋಗುತ್ತೇನೆ, ತೊಟ್ಟಿಲ ಕೂಸಿನ ಫೋಟೊ ತೆಗೆಯುತ್ತೇನೆ ಎಂದು ಅಲ್ಲಿ ಕುಳಿತು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ. ಆದರೆ ನನ್ನನ್ನು ಕೊಂಡವರು ಒಂದು ವಿಮಾ ಕಂಪನಿಯವರು. ಅಲ್ಲಿನ ಸರ್ವೇಯರ್ ಮಲಕಾಜಪ್ಪನವರ ಕೈಗೆ ಕೊಟ್ಟರು. ಎಲ್ಲಿ ಏನು ಮುರಿದರೂ, ಯಾವುದು ಸತ್ತರೂ ಹೋಗಿ ನೋಡಿ ಫೋಟೊ ತೆಗೆದುಕೊಂಡು ಬರುವುದು ಅವರ ಕೆಲಸ. ಹೆದ್ದಾರಿಯಲ್ಲಿ ಮಗುಚಿದ ಲಾರಿ, ಸುಟ್ಟುಹೋದ ಹತ್ತಿ ಗೋದಾಮು, ಸತ್ತ ಎಮ್ಮೆಯ ಕಿವಿಗೆ ಹಾಕಿದ್ದ ವಿಮೆಯ ಬಿಲ್ಲೆ, ಇವನ್ನು ನೋಡುತ್ತಲೇ ನನ್ನ ಹರೆಯ ಕಳೆಯಿತು. ನನಗೆ ಬೇಸರವಾಗಿತ್ತು, ಸುಳ್ಳೇಕೆ ಹೇಳಲಿ. ಆದರೂ ಒಂದು ಜಂಬ ಇತ್ತು. ಯಾರು ಎಷ್ಟು ಬೆಣ್ಣೆ ಹಚ್ಚಿದರೂ ಮಲಕಾಜಪ್ಪನವರು ಇದ್ದದ್ದನ್ನು ಇದ್ದ ಹಾಗೆಯೇ ತೆಗೆಯುತ್ತಿದ್ದರು. ಅವರ ಫೋಟೊ ಎಂದರೆ ಕಚೇರಿಯಲ್ಲಿ ಯಾರೂ ಎರಡನೆಯ ಮಾತು ಆಡುತ್ತಿರಲಿಲ್ಲ.

ಅವರು ನಿವೃತ್ತರಾದಾಗ ಕಚೇರಿಗೆ ನನಗಿಂತ ಚುರುಕಾದ ಕ್ಯಾಮೆರಾಗಳು ಬಂದಿದ್ದವು. ಹಳೆಯದನ್ನು ನೀವೇ ಇಟ್ಟುಕೊಳ್ಳಿ ಎಂದು ಹಾರದ ಜೊತೆ ನನ್ನನ್ನೂ ಕೊಟ್ಟು ಕಳಿಸಿದರು.

ಅವರ ಮನೆ ಶಹರದ ಹಳೆಯ ಓಣಿಯಲ್ಲಿ, ಮಹಡಿಯ ಮೇಲೆ. ಏರುವ ಮೆಟ್ಟಿಲು ಒಬ್ಬರೇ ಹಿಡಿಸುವಷ್ಟು ಇಕ್ಕಟ್ಟು. ಅಲ್ಲಿ ಮೊದಲ ಸಲ ಅವರ ಹೆಂಡತಿ ಗುರುಬಾಯಿಯನ್ನು ಕಂಡೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದಿತ್ತು. ಆಪರೇಷನ್ ಆದರೂ ಎದ್ದು ನಡೆಯಲಾಗಲಿಲ್ಲ. ಮಂಚದ ಪಕ್ಕದ ಕಿಟಕಿಯಿಂದ ಎದುರು ಮನೆಯ ಗೋಡೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮೊದಲೆಲ್ಲ ಓಣಿಯ ಹುಟ್ಟು ಸಾವು, ಜಗಳ ರಾಜಿ ಅವರಿಲ್ಲದೆ ನಡೆಯುತ್ತಿರಲಿಲ್ಲವಂತೆ. ಈಗ ಊಟದ ಮೇಲೂ ಮನಸ್ಸಿಲ್ಲ, ಮಾತಿನ ಮೇಲೂ ಮನಸ್ಸಿಲ್ಲ.

ಆ ವರ್ಷ ಮಲಕಾಜಪ್ಪನವರ ರಕ್ತದಲ್ಲಿ ಸಕ್ಕರೆ ಏರಿ, ದಿನಾ ಬೆಳಗ್ಗೆ ನಡೆಯಬೇಕೆಂದು ಡಾಕ್ಟರು ಹೇಳಿದರು. ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಅವರು ಕಿವಿಗೆ ಮಫ್ಲರ್ ಸುತ್ತಿಕೊಂಡು, ನನ್ನನ್ನು ಜೇಬಿಗೆ ಹಾಕಿಕೊಂಡು ಹೊರಟರು. ಆಗಿನ್ನೂ ಎಲ್ಲರ ಕೈಯಲ್ಲಿ ಫೋಟೊ ತೆಗೆಯುವ ಮೊಬೈಲು ಇರಲಿಲ್ಲ. ಮೊದಲ ದಿನ ಮಂಜಿನಲ್ಲಿ ಮುಳುಗಿದ ಗೋಳಗುಮ್ಮಟವನ್ನು ತೆಗೆದು, ಹೆಂಡತಿ ಹಿಗ್ಗುತ್ತಾಳೆಂದು ಬಂದು ತೋರಿಸಿದರು. ಗುರುಬಾಯಿ ಒಮ್ಮೆ ನೋಡಿ ಪಕ್ಕಕ್ಕಿಟ್ಟರು.

“ಇದು ಕ್ಯಾಲೆಂಡರನ್ಯಾಗೂ ಐತ್ರಿ. ಗಿರಣಿಯವರ ಆಡು ಮರಿ ಹಾಕ್ತೇನು? ಅದನ್ನ ತಗೊಂಡು ಬರ್ರಿ.”

ಮರುದಿನದಿಂದ ನನ್ನ ಬದುಕೇ ಬದಲಾಯಿತು. ಗಿರಣಿಯ ಬಾಗಿಲಲ್ಲಿ ಹಿಟ್ಟು ಮೆತ್ತಿಕೊಂಡ ಹುಬ್ಬು, ಅದರ ಪಕ್ಕದಲ್ಲಿ ಎರಡು ಆಡುಮರಿ. ನಳದ ಮುಂದಿನ ಕೊಡಗಳ ಸಾಲು. ಹೊಸ್ತಿಲಲ್ಲಿ ಎಣ್ಣೆ ತೀರಿ ಕಪ್ಪಾದ ಕಾರ್ತಿಕದ ಹಣತೆ. ಹಬ್ಬ ಕಳೆದರೂ ಮಾಳಿಗೆಯ ಮೇಲೆ ತೂಗುತ್ತಿದ್ದ, ಬಣ್ಣ ಮಾಸಿದ ಆಕಾಶಬುಟ್ಟಿ. ಕಸ ಕಡ್ಡಿಗೆ ಬೆಂಕಿ ಹಚ್ಚಿ ಕೈ ಕಾಯಿಸಿಕೊಳ್ಳುವವರು. ಜನರನ್ನು ಹಿಡಿಯುವುದು ಮಾತ್ರ ಸುಲಭವಿರಲಿಲ್ಲ. ನನ್ನನ್ನು ಕಂಡ ಕೂಡಲೇ ಟೇಲರ್ ಮಷಿನ್ ಬಿಟ್ಟು ಎದ್ದು ಸೆಟೆದು ನಿಲ್ಲುತ್ತಿದ್ದ, ಹಾಲಿನವನು ತಲೆ ಬಾಚಿಕೊಳ್ಳುತ್ತಿದ್ದ. ನೀವು ಮಾಡುವುದನ್ನು ಮಾಡುತ್ತಿರಿ ಎಂದು ಹೇಳಿ ಹೇಳಿ ಮಲಕಾಜಪ್ಪನವರಿಗೆ ಸಾಕಾಗುತ್ತಿತ್ತು. ಗುರುಬಾಯಿ ಆ ಫೋಟೊಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಮೂಲೆ ಮೂಲೆ ನೋಡುತ್ತಿದ್ದರು. ಆಕೆಯ ಕುಪ್ಪಸ ಹೊಸದು, ಈತ ಸೊರಗಿದ್ದಾನೆ, ಇವರ ಮನೆಗೆ ಯಾರೋ ಬೀಗರು ಬಂದಿದ್ದಾರೆ ಎನ್ನುತ್ತಿದ್ದರು. ನೋಡುತ್ತ ನೋಡುತ್ತ ರೊಟ್ಟಿ ತಿಂದು ಮುಗಿಸುತ್ತಿದ್ದರು.

ಅವರು ಎಲ್ಲಕ್ಕಿಂತ ಹೆಚ್ಚಾಗಿ ಕಾಯುತ್ತಿದ್ದದ್ದು ಮಾಲನಬಿಯ ಫೋಟೊಗೆ. ಮಾಲನಬಿ ಹಣ್ಣು ಮಾರುವವಳು. ಹರೆಯದಿಂದಲೂ ಬುಟ್ಟಿ ಹೊತ್ತು ಇವರ ಮನೆಗೆ ಬರುತ್ತಿದ್ದಳು. ಗುರುಬಾಯಿ ಕೆಳಗಿಳಿದು ಬುಟ್ಟಿಗೆ ಕೈ ಕೊಡುತ್ತಿದ್ದರು, ಇಬ್ಬರೂ ಒಬ್ಬರ ಕೆಳಗೊಬ್ಬರು ಮೆಟ್ಟಿಲ ಮೇಲೆ ಕುಳಿತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಈಗ ಗುರುಬಾಯಿ ಇಳಿಯುವ ಹಾಗಿಲ್ಲ. ಮಾಲನಬಿಯ ಮೊಣಕಾಲು ಹೋಗಿ ಅವಳು ಏರುವ ಹಾಗಿಲ್ಲ. ಓಣಿಯ ಅಗಸಿ ಬಾಗಿಲ ಮುಂದಿನ ಬೇವಿನ ಗಿಡದ ಬುಡದಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಮೊದಲ ದಿನ ಹರಕು ಸೀರೆಯಲ್ಲಿ ಬೇಡವೆಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಯಾರಿಗಾಗಿ ಎಂದು ತಿಳಿದ ಮೇಲೆ ತಾನೇ ಒಂದು ಸೀತಾಫಲವನ್ನು ಎತ್ತಿ ನನ್ನ ಮುಂದೆ ಹಿಡಿದಳು. ಅಂದಿನಿಂದ ದಿನಾ ಅದೇ. ಸೀತಾಫಲ ಮುಗಿದ ಮೇಲೆ ಪೇರಲ ಎತ್ತಿ ಹಿಡಿದಳು. ಒಂದು ದಿನ ಮಲಕಾಜಪ್ಪನವರನ್ನು ತಡೆದು ನಿಲ್ಲಿಸಿ ಕೇಳಿದಳು.

“ನಂದು ದಿನಾ ಒಯ್ತೀರಿ ಸಾಹೇಬ್ರ. ಅಕ್ಕಾರದು ಎಂದ ತರ್ತೀರಿ? ನಂಗೂ ನೋಡಬೇಕನಸ್ತೈತಿ.”

ಗುರುಬಾಯಿ ಒಪ್ಪಲಿಲ್ಲ. ಹಾಸಿಗೆ ಹಿಡಿದ ಮುಖವನ್ನು ಏನು ತೋರಿಸುವುದು ಎಂದು ನಾಚಿಕೊಂಡರು. ಕೊನೆಗೆ ಕಾರ್ತಿಕ ಮುಗಿಯುವ ಛಟ್ಟಿ ಅಮಾವಾಸ್ಯೆಗೆ ತಲೆ ಎರೆದುಕೊಂಡು ಕೂರುತ್ತೇನೆ, ಆಗ ತೆಗೆಯಿರಿ ಎಂದರು.

ಅಮಾವಾಸ್ಯೆಗೆ ಇನ್ನೂ ಕೆಲವು ದಿನ ಇರುವಾಗ ಒಂದು ಬೆಳಗ್ಗೆ ಬೇವಿನ ಗಿಡದ ಬುಡ ಖಾಲಿ ಇತ್ತು. ಪಕ್ಕದ ಚಹಾದಂಗಡಿಯವನು ಹೇಳಿದ. ಮಾಲನಬಿಗೆ ಹಿಂದಿನ ದಿನ ಎದೆ ನೋವು ಬಂದು ಆಸ್ಪತ್ರೆಯ ದಾರಿಯಲ್ಲೇ ಜೀವ ಹೋಗಿತ್ತು, ಸಂಜೆಗೆ ಮಣ್ಣೂ ಆಗಿತ್ತು. ಮಲಕಾಜಪ್ಪನವರು ಚಹಾ ಹೇಳಿ ಕುಡಿಯದೆ ಎದ್ದರು. ಮನೆಯಲ್ಲಿ ಗುರುಬಾಯಿ ದಿಂಬಿಗೊರಗಿ ಕುಳಿತು, ತಾಟಿನಲ್ಲಿ ರೊಟ್ಟಿ ಹಾಗೆಯೇ ಇಟ್ಟುಕೊಂಡು ಕಾಯುತ್ತಿದ್ದರು. ಮಲಕಾಜಪ್ಪನವರು ಮಂಚದ ತುದಿಯಲ್ಲಿ ಕುಳಿತರು. ನನ್ನ ಗುಂಡಿ ಒತ್ತಿ, ಎರಡು ದಿನ ಹಿಂದಿನ ಮಾಲನಬಿಯ ಫೋಟೊ ತಂದು, ಇವತ್ತಿನದೆಂದು ಕೈಗೆ ಕೊಟ್ಟರು.

ಮರುದಿನ ಇನ್ನೂ ಹಿಂದಿನದು, ಅದರ ಮರುದಿನ ಅದಕ್ಕೂ ಹಿಂದಿನದು. ನಾನು ಬಾಯಿಲ್ಲದವನು, ಏನು ಮಾಡಲಿ? ನನ್ನೊಳಗಿನ ಮಾಲನಬಿ ದಿನದಿಂದ ದಿನಕ್ಕೆ ಹಿಂದೆ ಹಿಂದೆ ಹೋಗುತ್ತಿದ್ದಳು.

ಅಮಾವಾಸ್ಯೆ ಬಂತು. ಕೆಳಗಿನ ಮನೆಯ ಸೊಸೆ ಬಂದು ಗುರುಬಾಯಿಗೆ ತಲೆ ಎರೆದು, ಜಡೆ ಹೆಣೆದು, ಇಳಕಲ್ ಸೀರೆ ಉಡಿಸಿದಳು. ನಾನು ಆ ಮುಖವನ್ನು ತೆಗೆದೆ. ತುಂಬ ಚೆನ್ನಾಗಿ ಬಂತು, ಅದು ನನಗೆ ಗೊತ್ತಾಯಿತು. ಮಲಕಾಜಪ್ಪನವರು ಹೊರಗೆ ಹೋಗಿ, ಗಿಡದ ಖಾಲಿ ಬುಡದ ಹತ್ತಿರ ಸ್ವಲ್ಪ ಹೊತ್ತು ನಿಂತು ಹಿಂದಿರುಗಿದರು. ಮಾಲನಬಿ ಫೋಟೊ ನೋಡಿ ನಕ್ಕಳೆಂದು ಹೇಳಿದರು. ಜೊತೆಗೆ ನನ್ನಲ್ಲಿದ್ದ ಅವಳ ಒಂದು ಹಳೆಯ ಚಿತ್ರವನ್ನೂ ಇವತ್ತಿನದೆಂದು ತೋರಿಸಿದರು.

ಗುರುಬಾಯಿ ಬಹಳ ಹೊತ್ತು ನೋಡಿದರು.

“ಸೀತಾಫಳ ಮುಗದು ಪ್ಯಾರಲ ಬಂದಾವಂತ ನೀವೇ ತೋರಿಸಿದ್ರಿ. ಇವತ್ತ ಬುಟ್ಟಿ ತುಂಬ ಸೀತಾಫಳ ಎಲ್ಲಿಂದ ಬಂದೂ?” ಎಂದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು. “ಮಾಲನ ಎಂದ ಹೋದ್ಲ್ರಿ?”

ಮಲಕಾಜಪ್ಪನವರು ಗೋಡೆಗೆ ಆತುಕೊಂಡು ಕುಳಿತು ಎಲ್ಲ ಹೇಳಿದರು. ನಿನಗೆ ಸಂಕಟವಾಗಬಾರದೆಂದು ಹೀಗೆ ಮಾಡಿದೆ ಎಂದು ಹೇಳಲು ಹೋದರು. ಗುರುಬಾಯಿ ಕೈಯೆತ್ತಿ ತಡೆದರು.

“ಸತ್ತ ಎಮ್ಮಿದೂ ಸುಳ್ಳ ಫೋಟೊ ತಗದವರಲ್ಲ ನೀವು. ನಾ ಹೊರಗಿಂದೆಲ್ಲ ನೋಡೂದು ನಿಮ್ಮ ಕಣ್ಣೀಲೆ. ಅದರಾಗೇ ಸುಳ್ಳ ಬೆರಸಿದ್ರ ನಾ ಇನ್ನ ಯಾರನ್ನ ನಂಬಲಿ?”

ಅವರು ಅತ್ತದ್ದನ್ನು ನಾನು ನೋಡಲಿಲ್ಲ, ಕೇಳಿದೆ. ನನ್ನನ್ನು ದಿಂಬಿನ ಮೇಲೆ ಬೋರಲಾಗಿ ಇಟ್ಟಿದ್ದರು.

ಆಮೇಲಿನ ದಿನಗಳು ಕೆಟ್ಟವು. ಮಲಕಾಜಪ್ಪನವರು ನಡೆಯುವುದನ್ನೂ ಬಿಡಲಿಲ್ಲ, ಫೋಟೊ ತರುವುದನ್ನೂ ಬಿಡಲಿಲ್ಲ. ಆದರೆ ಪ್ರತಿಯೊಂದಕ್ಕೂ ಗುರುಬಾಯಿ “ಇದು ಇವತ್ತಿಂದೇನ್ರಿ?” ಎಂದು ಕೇಳುತ್ತಿದ್ದರು. ಹೌದೆಂದರೆ ಹೂಂ ಎನ್ನುತ್ತಿದ್ದರು, ಆ ಹೂಂನಲ್ಲಿ ನಂಬಿಕೆ ಇರುತ್ತಿರಲಿಲ್ಲ. ಆಡುಮರಿಗಳು ಕುಣಿಯುವಷ್ಟು ದೊಡ್ಡವಾಗಿದ್ದವು. ಅವನ್ನೂ ಸರಿಯಾಗಿ ನೋಡಲಿಲ್ಲ. ರೊಟ್ಟಿ ಮತ್ತೆ ತಾಟಿನಲ್ಲೇ ಉಳಿಯತೊಡಗಿತು. ನಿಜವಾದ ಚಿತ್ರವನ್ನು ಯಾರೂ ನಂಬದಿದ್ದರೆ ಎಷ್ಟು ನೋವಾಗುತ್ತದೆಂದು ನನಗೆ ಆಗ ಗೊತ್ತಾಯಿತು.

ಒಂದು ಬೆಳಗ್ಗೆ ಮಲಕಾಜಪ್ಪನವರು ಮಫ್ಲರ್ ಸುತ್ತಿಕೊಳ್ಳುತ್ತಿರುವಾಗ ಗುರುಬಾಯಿ ಅವರನ್ನು ಕರೆದರು.

“ಆ ಜಾಗಾ ಖಾಲಿ ಇದ್ರ ಖಾಲಿದೇ ತಗೊಂಡು ಬರ್ರಿ. ಆಮ್ಯಾಲೆ ಆಕಿ ಎಲ್ಲಿ ಮಲಗ್ಯಾಳ ಅಲ್ಲಿಗೆ ಹೋಗಿ ನನ್ನ ಫೋಟೊ ತೋರಿಸಿ ಬರ್ರಿ. ತೋರಿಸ್ತೀನಂತ ಮಾತು ಕೊಟ್ಟಿದ್ದೆ.”

ನಾವು ಮೊದಲು ಬೇವಿನ ಗಿಡಕ್ಕೆ ಹೋದೆವು. ಬುಟ್ಟಿ ಇಟ್ಟು ಇಟ್ಟು ಅಲ್ಲಿನ ನೆಲ ದುಂಡಗೆ ಸವೆದಿತ್ತು, ಅದರ ಮೇಲೆ ಒಣಗಿದ ಎಲೆಗಳು ಬಿದ್ದಿದ್ದವು. ಅದನ್ನು ತೆಗೆದೆ. ಆಮೇಲೆ ಖಬರಸ್ತಾನ. ಅಲ್ಲಿನ ಮುದುಕ ಕಾವಲುಗಾರ ಬೆರಳು ಮಾಡಿ ತೋರಿಸಿದ. ಹೊಸ ಮಣ್ಣು, ನಾಯಿ ಕೆದರದಂತೆ ಮೇಲೊಂದು ಮುಳ್ಳಿನ ಟೊಂಗೆ. ಮಲಕಾಜಪ್ಪನವರು ಚಪ್ಪಲಿ ಬಿಟ್ಟು ಕುಕ್ಕರಗಾಲಲ್ಲಿ ಕುಳಿತರು. ಪರದೆಯ ಮೇಲೆ ಗುರುಬಾಯಿಯ ಮುಖ ತಂದು, ನನ್ನ ಬೆನ್ನನ್ನು ಮಣ್ಣಿನ ಕಡೆ ತಿರುಗಿಸಿ ಹಿಡಿದರು.

ಆಗ ನನ್ನ ಕಣ್ಣು ಅವರ ಕಡೆಗಿತ್ತು. ಇಷ್ಟು ವರ್ಷ ಅವರು ನನ್ನ ಹಿಂದೆಯೇ ನಿಂತವರು. ಎದುರೆದುರು ಅವರನ್ನು ನೋಡಿದ್ದು ಅಂದೇ. ಗಡ್ಡ ಬೆಳೆದಿತ್ತು.

“ಅಕ್ಕಾರು ಬಂದಾರ ನೋಡವಾ ಮಾಲನಬಿ. ನಾ ತಡಾ ಮಾಡಿಬಿಟ್ಟೆ,” ಎಂದರು. ಆಮೇಲೆ ಅಳುವನ್ನು ತಡೆಯಲಾಗಲಿಲ್ಲ. ನನ್ನನ್ನು ಹಿಡಿದ ಬೆರಳು ಜಾರಿ ಗುಂಡಿಯ ಮೇಲೆ ಒಂದೆರಡು ಸಲ ಬಿತ್ತು. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಮನೆಗೆ ಬಂದು ನನ್ನನ್ನು ಗುರುಬಾಯಿಯ ಕೈಗೆ ಕೊಟ್ಟು, ತೋರಿಸಿ ಬಂದೆ ಎಂದಷ್ಟೇ ಹೇಳಿದರು. ಗುರುಬಾಯಿ ತಾವೇ ಗುಂಡಿ ಒತ್ತಿದರು. ಮೊದಲು ಖಾಲಿ ನೆಲ ಬಂತು. ಅದರ ಮೇಲೆ ಬೆರಳಾಡಿಸಿದರು. ಮತ್ತೆ ಒತ್ತಿದರು. ತುಸು ಸೊಟ್ಟಗೆ, ಮಸುಕಾಗಿ, ಬಿಳಿಯ ಆಕಾಶದ ಕೆಳಗೆ ಗಂಡನ ಒದ್ದೆ ಮುಖ ಬಂತು. ಮಲಕಾಜಪ್ಪನವರು ಬಗ್ಗಿ ನೋಡಿ ಗಾಬರಿಯಾದರು. ಅದು ಕೈತಪ್ಪಿ ಬಂದದ್ದು, ಅಳಿಸುತ್ತೇನೆ ಎಂದು ಕೈಚಾಚಿದರು. ಗುರುಬಾಯಿ ಕೊಡಲಿಲ್ಲ, ನನ್ನನ್ನು ಎದೆಗೆ ಒತ್ತಿಕೊಂಡರು.

“ಇದು ಇರ್ಲಿ ಬಿಡ್ರಿ,” ಎಂದರು. ಆಮೇಲೆ, “ರೊಟ್ಟಿ ಕೊಡ್ರಿ. ನೀವೂ ಕುಂಡರ್ರಿ,” ಎಂದರು. ಅದು ಇವತ್ತಿನದೇನು ಎಂದು ಕೇಳಲಿಲ್ಲ.

ಈಗ ನಾನು ಮುದುಕ. ನನ್ನ ಬ್ಯಾಟರಿ ಉಬ್ಬಿಹೋಗಿದೆ, ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲವಂತೆ. ಗುರುಬಾಯಿಯ ತಲೆದೆಸೆಯ ಗೂಡಿನಲ್ಲಿ ಗುಳಿಗೆ ಡಬ್ಬಿಗಳ ಪಕ್ಕದಲ್ಲಿ ಕುಳಿತಿದ್ದೇನೆ. ಮಲಕಾಜಪ್ಪನವರ ಕೈಯಲ್ಲಿ ಮೊಬೈಲು ಬಂದಿದೆ, ಅದರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಮತ್ತೊಂದು ಕಾರ್ತಿಕ ಮುಗಿಯುತ್ತ ಬಂದಿದೆ. ಅವರು ದಿನಾ ನಡೆದು ಬಂದು, ಮೊದಲು ಮಂಚದ ತುದಿಯಲ್ಲಿ ಕೂರುತ್ತಾರೆ. ಓಣಿಯಲ್ಲಿ ಯಾರಾದರೂ ಇಲ್ಲವಾಗಿದ್ದರೆ ಅವರ ಹೆಸರು ಹೇಳುತ್ತಾರೆ. ಗುರುಬಾಯಿ ಕೈ ಮುಗಿಯುತ್ತಾರೆ. ಆಮೇಲೆ ಕನ್ನಡಕ ಏರಿಸಿ, “ಹೂಂ, ಇದ್ದವರನ್ನ ತೋರಿಸ್ರಿ,” ಎನ್ನುತ್ತಾರೆ.