ಒದ್ದೆ ಬಟ್ಟೆಯ ಕೆಳಗೆ

"ಅಕ್ಕಾ, ಒದ್ದೆ ಬಟ್ಟೆ ತೆಗೆದೇ ಹೋಗಿದ್ರಿ ತಾನೆ?"

ಬಡಗಿ ಹಾಗೆ ಕೇಳಿದ್ದೇ ತಡ, ವಿನ್ಯಾಸಕಿ ಹಲಗೆಯತ್ತ ಧಾವಿಸಿದಳು. ಅಂಟು ಬೇಗ ಒಣಗಿ ಬಿರುಕು ಬಿಡಬಾರದೆಂದು, ಬೀಜ ಅಂಟಿಸಿದ ಹಲಗೆಗೆ ಅವಳೇ ಬಟ್ಟೆ ಹೊದಿಸಿದ್ದಳು. ಸಂಜೆ ತೆಗೆಯಬೇಕಿತ್ತು. ನಾಲ್ಕು ದಿನ ರಜೆ ಸಿಕ್ಕ ಖುಷಿಯಲ್ಲಿ ಮರೆತು ಮನೆಗೆ ಓಡಿದ್ದಳು.

ಆ ವಸ್ತುಸಂಗ್ರಹಾಲಯದಲ್ಲಿ ಬೀಜದ ವಿಭಾಗವನ್ನು ಕೇಳುವವರೇ ಇರಲಿಲ್ಲ. ಶೌಚಾಲಯಕ್ಕೆ ಹೋಗುವ ದಾರಿ ಎಂಬುದಷ್ಟೇ ಅದರ ಖ್ಯಾತಿ. "ಸತ್ತ ಕಾಳು ನೋಡೋಕೆ ಯಾರಮ್ಮ ಬರ್ತಾರೆ? ಎಲ್ಲಾ ಬಿಸಾಕಿ ದೊಡ್ಡ ಟಿವಿ ಹಾಕಿಬಿಡೋಣ" ಎಂದಿದ್ದರು ನಿರ್ದೇಶಕರು. ಅವಳು ಕಾಡಿ ಬೇಡಿ ಒಂದೇ ಒಂದು ಅವಕಾಶ ಗಿಟ್ಟಿಸಿಕೊಂಡಿದ್ದಳು. ಹಳೆಯ ಜಾಡಿಗಳಲ್ಲಿದ್ದ ನಿಜವಾದ ಬೀಜಗಳಿಂದಲೇ ಪ್ರದರ್ಶನಕ್ಕೆ ಹೊಸ ಚಿತ್ತಾರದ ಹಲಗೆ ಮಾಡುವುದು. ಇವತ್ತು ಅವರು ನೋಡಿ ಒಪ್ಪಬೇಕು, ಇಲ್ಲವಾದರೆ ಬೀಜಗಳೆಲ್ಲ ಕಸದ ಪಾಲು.

ಬಟ್ಟೆ ಎತ್ತಿದಳು. ಮುಗ್ಗಲು ವಾಸನೆ ಮೂಗಿಗೆ ಅಡರಿತು. ಅಷ್ಟು ಕಷ್ಟಪಟ್ಟು ಬಿಡಿಸಿದ ಚಿತ್ತಾರದ ಮೇಲೆಲ್ಲ ಬಿಳಿ ಬೂಷ್ಟು. ಕೆಲಸ ಕೆಟ್ಟು ಕೂತಿತ್ತು.

"ಕೆರೆದು ಹಾಕ್ಲಾ?" ಬಡಗಿ ಉಳಿ ತೆಗೆದುಕೊಂಡ.

"ತಡಿ, ತಡಿ! ಮುಟ್ಟಬೇಡ!"

ಮೂಲೆಯಲ್ಲಿ ಒಂದು ಕರಿ ಕಾಳು ಬಿರಿದಿತ್ತು. ಬಾಗಿದ ಬಿಳಿ ಕತ್ತು, ಅದರ ತುದಿಯಲ್ಲಿ ಇನ್ನೂ ಕಣ್ಣು ಬಿಡದ ಎರಡು ಹಸಿರೆಲೆ, ತಲೆಯ ಮೇಲೆ ಟೊಪ್ಪಿಯ ಹಾಗೆ ಒಡೆದ ಸಿಪ್ಪೆ. ಅದಿದ್ದ ಜಾಡಿಯ ಮೇಲೆ 'ಈ ತಳಿಯನ್ನು ಈಗ ಯಾರೂ ಬೆಳೆಯುತ್ತಿಲ್ಲ' ಎಂಬ ಚೀಟಿಯಿತ್ತು. ಅದನ್ನು ಬರೆದಾಗ ಅವಳಿನ್ನೂ ಹುಟ್ಟಿರಲಿಲ್ಲ. ತನಗಿಂತ ಹಿರಿಯ ಜೀವವೊಂದು ಇಷ್ಟು ವರ್ಷ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತಿತ್ತಲ್ಲ ಎಂದು ಅವಳ ಮೈ ಜುಮ್ಮೆಂದಿತು. ಕಣ್ಣಲ್ಲಿ ನೀರು ತುಂಬಿತು.

"ಇದೇನಮ್ಮ ಈ ಅವತಾರ!" ನಿರ್ದೇಶಕರು ಬಂದವರೇ ಗುಡುಗಿದರು. ಅವಳು ಮೂಲೆಯತ್ತ ಬೆರಳು ತೋರಿಸಿದಳು. ಅವರು ಕನ್ನಡಕ ಏರಿಸಿಕೊಂಡು ಬಾಗಿದರು. ಬಾಗಿದವರು ಏಳಲೇ ಇಲ್ಲ.

"ಆ ಚೀಟಿ ಇರೋ ಜಾಡೀದಾ?" ದನಿ ಇಳಿದುಹೋಗಿತ್ತು.

"ಹೌದು ಸಾರ್."

ಬಾಗಿಲಿಂದ ಕಾವಲುಗಾರ ಕೂಗಿದ: "ಸಾರ್, ಟಿವಿ ತಂದಿದಾರೆ. ಎಲ್ಲಿ ಇಳಿಸೋಕೆ ಹೇಳ್ಲಿ?"

"ಮೆತ್ತಗೆ ಮಾತಾಡಪ್ಪ! ವಾಪಸ್ ಕಳಿಸು" ಎಂದರು ಅವರು, ತಿರುಗದೆಯೇ. "ನೀನು ಹೋಗಮ್ಮ, ಒಂದು ಕುಂಡ, ಸ್ವಲ್ಪ ಮಣ್ಣು ತಗೊಂಡು ಬಾ. ಬೇಗ."

ಅವಳು ಕುಂಡ ಹಿಡಿದು ಓಡಿ ಬಂದಾಗಲೂ ಅವರು ಹಾಗೆಯೇ ಬಾಗಿ ನಿಂತಿದ್ದರು, ಮೇಲಿನ ದೀಪದ ಬಿಸಿ ಮೊಳಕೆಗೆ ತಾಗದಂತೆ ಅಂಗೈ ಅಡ್ಡ ಹಿಡಿದು.